ಒಂಬತ್ತನೆಯ ಹೆಸರು

ನಮ್ಮ ಶಾಲೆಗೆ ನೂರು ತುಂಬುತ್ತಿದೆ, ಸ್ಮರಣ ಸಂಚಿಕೆಗೆ ನೀನೂ ಬರೆಯಬೇಕು ಎಂದು ದೊಡ್ಡಪ್ಪ ಫೋನ್ ಮಾಡಿದಾಗ ನಾನು ಹಿಂಜರಿದೆ. ಅಲ್ಲಿ ಓದಿದ್ದು ಆರನೆಯ ತರಗತಿಯವರೆಗೆ ಮಾತ್ರ. ಏಳನೆಯ ತರಗತಿ ಮುಗಿಸಿ, ಬೀಳ್ಕೊಡುಗೆಯ ದಿನ ಅತ್ತು, ಗ್ರೂಪ್ ಫೋಟೋದಲ್ಲಿ ನಿಂತವರಿಗೆ ಇರುವ ಹಕ್ಕು ನನಗೆಲ್ಲಿದೆ ಎಂದೆ. "ಆರು ವರ್ಷ ಆ ಮಾಡಿನಡಿ ಕೂತಿದ್ದೀಯಲ್ಲ, ಸಾಕು. ಅಮೆರಿಕಕ್ಕೆ ಹೋದ ಮೇಲೆ ಓದಿದ ಶಾಲೆಯ ವಿಷಯವನ್ನೂ ಬರೆ. ನಮ್ಮ ಮಕ್ಕಳು ಓದಲಿ" ಎಂದರು.

ಮಾಡು ಎಂದೊಡನೆ ನನಗೆ ಹೆಂಚು ನೆನಪಾಗುತ್ತದೆ. ಮಂಗಳೂರು ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಇಂಗ್ಲಿಷಿನಲ್ಲಿ ಉಬ್ಬಿಕೊಂಡಿರುತ್ತದೆ. ಐದನೆಯ ತರಗತಿಯಲ್ಲಿ ಎಬಿಸಿಡಿ ಕಲಿತ ಹೊಸದರಲ್ಲಿ ನಾವು ಕತ್ತೆತ್ತಿ ಆ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದೆವು. ಮೇ ತಿಂಗಳ ಕೊನೆಯ ವಾರ ಊರವರು ಏಣಿ ತಂದು ಮಾಡು ಹತ್ತಿ ಒಡೆದ ಹೆಂಚು ಬದಲಿಸುತ್ತಿದ್ದರು, ಅಂಗಳದ ಚರಂಡಿಯ ತರಗೆಲೆ ತೆಗೆಯುತ್ತಿದ್ದರು. ಹೆಂಗಸರು ನೆಲ ತೊಳೆಯುತ್ತಿದ್ದರು. ಮಧ್ಯಾಹ್ನ ಎಲ್ಲರಿಗೂ ಅವಲಕ್ಕಿ, ಚಹಾ. ಜೂನ್ ಒಂದಕ್ಕೆ ಶಾಲೆ ಶುರುವಾಗುವ ಹೊತ್ತಿಗೆ ಒಂದು ಹನಿಯೂ ಸೋರಬಾರದು ಎಂಬುದು ಹೆಡ್‌ಮಾಸ್ತರರ ಹಟ. ಶಾಲೆ ಸರ್ಕಾರದ್ದು, ಮಾಡು ಊರಿನದ್ದು ಎಂದು ನಾವು ಮಕ್ಕಳು ತಿಳಿದಿದ್ದೆವು.

ಅಮ್ಮ ನರ್ಸ್. 1999ರಲ್ಲಿ ಅವರಿಗೆ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಜುಲೈಯಲ್ಲಿ ಅಪ್ಪ, ತಮ್ಮ, ನಾನು ಹೋಗಿ ಸೇರಿಕೊಂಡೆವು. ನಗರದ ಪಶ್ಚಿಮ ಭಾಗದಲ್ಲಿ ಬಾಡಿಗೆ ಮನೆ, ನಡೆದು ಹೋಗುವಷ್ಟು ದೂರದಲ್ಲಿ ಸರ್ಕಾರಿ ಶಾಲೆ. ಮೂರು ಮಹಡಿಯ ಇಟ್ಟಿಗೆ ಕಟ್ಟಡ. ಚಳಿಗಾಲ ಬಂತೆಂದರೆ ಕಿಟಕಿಯ ಕೆಳಗಿನ ಹಬೆಯ ಕೊಳವೆಗಳು ಕುಲುಮೆಯಲ್ಲಿ ಸುತ್ತಿಗೆ ಬಡಿದಂತೆ ಸದ್ದು ಮಾಡುತ್ತಿದ್ದವು. ಒಂದು ಕೋಣೆಯಲ್ಲಿ ಸೆಕೆಗೆ ಕಿಟಕಿ ತೆರೆದಿದ್ದರೆ ಪಕ್ಕದ ಕೋಣೆಯಲ್ಲಿ ಮಕ್ಕಳು ಕೋಟು ಹಾಕಿಕೊಂಡೇ ಲೆಕ್ಕ ಮಾಡುತ್ತಿದ್ದರು.

ಮೊದಲ ವಾರ ಸಮಾಜ ಪಾಠದ ಪುಸ್ತಕ ಕೊಟ್ಟರು. ಆ ಪುಸ್ತಕಗಳು ಶಾಲೆಯ ಸ್ವತ್ತು, ವರ್ಷದ ಕೊನೆಗೆ ಹಿಂದಿರುಗಿಸಬೇಕು. ರಟ್ಟಿನ ಒಳಬದಿಯಲ್ಲಿ ರಬ್ಬರ್ ಮೊಹರು ಒತ್ತಿ ಒಂದು ಕೋಷ್ಟಕ ಮಾಡಿದ್ದರು: ವರ್ಷ, ವಿದ್ಯಾರ್ಥಿಯ ಹೆಸರು, ಪುಸ್ತಕದ ಸ್ಥಿತಿ. ನನಗಿಂತ ಮೊದಲು ಎಂಟು ಹೆಸರುಗಳಿದ್ದವು. ಮೊದಲಿನ ಹುಡುಗ 'ಹೊಸದು' ಎಂದು ಬರೆದಿದ್ದ. ಆಮೇಲಿನವರು 'ಚೆನ್ನಾಗಿದೆ', ಅವರ ನಂತರದವರು 'ಪರವಾಗಿಲ್ಲ'. ಏಳನೆಯ ಮತ್ತು ಎಂಟನೆಯ ಹೆಸರಿನ ಮುಂದೆ 'ಕೆಟ್ಟಿದೆ' ಎಂದಿತ್ತು. ಕೋಷ್ಟಕದಲ್ಲಿ ಗೆರೆ ಮುಗಿದಿದ್ದರಿಂದ ನನ್ನ ಹೆಸರನ್ನು ಕೆಳಗಿನ ಖಾಲಿ ಜಾಗದಲ್ಲಿ ಬರೆದೆ. ಊರಿನಲ್ಲಿ ಅಕ್ಕಂದಿರ ಪುಸ್ತಕಕ್ಕೆ ಬೈಂಡ್ ಹಾಕಿಸಿ ಓದಿದವಳು ನಾನು, ಹಳೆಯದು ಎಂಬ ಬೇಸರವಿರಲಿಲ್ಲ. ಆದರೆ ಭೂಪಟ ಬಿಡಿಸಿದರೆ ಸೋವಿಯತ್ ಒಕ್ಕೂಟ ಇನ್ನೂ ಒಂದೇ ದೇಶವಾಗಿ ಹರಡಿಕೊಂಡಿತ್ತು. ಅದು ಒಡೆದು ಒಂಬತ್ತು ವರ್ಷವಾಗಿದೆ ಎಂದು ಊರಿನಲ್ಲಿಯೇ ಕಲಿತಿದ್ದೆ. 'ಸ್ಥಿತಿ' ಎಂಬಲ್ಲಿ ಏನು ಬರೆಯಲಿ ಎಂದು ಟೀಚರನ್ನು ಕೇಳಿದೆ. ಮೂವತ್ತು ವರ್ಷ ಆ ನಗರದ ಮಕ್ಕಳಿಗೆ ಪಾಠ ಹೇಳಿದ ಕಪ್ಪು ಹೆಂಗಸು ಅವರು. ನನ್ನ ಹೆಸರಿನ 'ಳ' ಸರಿಯಾಗಿ ಬರುವವರೆಗೆ ಹತ್ತು ಸಲ ಹೇಳಿಸಿ ಕಲಿತುಕೊಂಡವರು. "ಹೇಗಿದೆಯೋ ಹಾಗೆ ಬರೆ, ಮಗೂ" ಎಂದರು.

ಮನೆಯಿಂದ ಸ್ವಲ್ಪ ದೂರದಲ್ಲಿ ಸಿಟಿ ಅವೆನ್ಯೂ ಎಂಬ ರಸ್ತೆಯಿದೆ. ಇತ್ತ ಬದಿ ಫಿಲಡೆಲ್ಫಿಯಾ, ಅತ್ತ ಬದಿ ಲೋವರ್ ಮೆರಿಯನ್ ಎಂಬ ಬೇರೆ ಊರು. ಅಂಗಡಿಗೆಂದು ರಸ್ತೆ ದಾಟಿದಾಗಲೆಲ್ಲ ಆ ಕಡೆಯ ಶಾಲೆಗಳ ಹಸಿರು ಮೈದಾನಗಳನ್ನು ನೋಡಿ ಅದು ಖಾಸಗಿ ಶಾಲೆಯೇ ಎಂದು ಅಪ್ಪ ಕೇಳುತ್ತಿದ್ದರು. ಅದೂ ಸರ್ಕಾರಿ ಶಾಲೆಯೇ.

2001ರ ಶರತ್ಕಾಲದಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ, ರಾಜ್ಯ ಸರ್ಕಾರ ಫಿಲಡೆಲ್ಫಿಯಾದ ಶಾಲೆಗಳನ್ನು ವಶಕ್ಕೆ ತೆಗೆದುಕೊಳ್ಳುತ್ತದೆ ಎಂಬ ಸುದ್ದಿ ದಿನವೂ ಇನ್‌ಕ್ವೈರರ್ ಪತ್ರಿಕೆಯ ಮುಖಪುಟದಲ್ಲಿ ಬರತೊಡಗಿತು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಪತ್ರಿಕೆ ಮಡಚಿಟ್ಟು ಕೇಳಿದರು: "ಸರ್ಕಾರಿ ಶಾಲೆಯನ್ನು ಸರ್ಕಾರ ವಶಪಡಿಸಿಕೊಳ್ಳುವುದು ಎಂದರೇನು? ಇಷ್ಟು ದಿನ ಅದು ಯಾರದ್ದಾಗಿತ್ತು?"

ಈ ಸಂಚಿಕೆಯನ್ನು ಓದುವವರಿಗೂ ಅದೇ ಪ್ರಶ್ನೆ ಏಳುತ್ತದೆ. ನಮ್ಮಲ್ಲಿ ಶಿಕ್ಷಕರ ನೇಮಕ, ಸಂಬಳ, ವರ್ಗಾವಣೆ, ಪಠ್ಯಪುಸ್ತಕ ಎಲ್ಲವೂ ರಾಜ್ಯದ ಕೈಯಲ್ಲಿದೆ. ಅಲ್ಲಿ ಹಾಗಲ್ಲ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಶಾಲೆಗಳನ್ನು ನಡೆಸುವ 500 ಸ್ಥಳೀಯ ಘಟಕಗಳು, ಅಂದರೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಒಂದೊಂದಕ್ಕೂ ತನ್ನದೇ ಆಡಳಿತ ಮಂಡಳಿ, ತನ್ನದೇ ಆಸ್ತಿ ತೆರಿಗೆ. ಮನೆಗಳಿಗೆ ಬೆಲೆ ಇರುವ ಕಡೆ ಶಾಲೆಗೆ ಹಣ ಬರುತ್ತದೆ, ಇಲ್ಲದ ಕಡೆ ಬರುವುದಿಲ್ಲ. ಸಿಟಿ ಅವೆನ್ಯೂವಿನ ಎರಡು ಬದಿಗಳಿಗೆ ಇದ್ದ ವ್ಯತ್ಯಾಸ ಇದೇ. ಫಿಲಡೆಲ್ಫಿಯಾದ ಪಾಡು ಇನ್ನೂ ಕಷ್ಟದ್ದು. ಎರಡು ಲಕ್ಷ ಮಕ್ಕಳಿದ್ದ ಆ ಡಿಸ್ಟ್ರಿಕ್ಟಿನ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ನಗರಸಭೆ ಕೊಟ್ಟಷ್ಟು, ರಾಜಧಾನಿ ಹ್ಯಾರಿಸ್‌ಬರ್ಗ್ ಕೊಟ್ಟಷ್ಟು. 1998ರಲ್ಲಿ ಡಿಸ್ಟ್ರಿಕ್ಟಿನ ಅಂದಿನ ಮುಖ್ಯಸ್ಥ, ಸೂಪರಿಂಟೆಂಡೆಂಟ್ ಡೇವಿಡ್ ಹಾರ್ನ್‌ಬೆಕ್, ರಾಜ್ಯ ಹೆಚ್ಚು ಹಣ ಕೊಡದಿದ್ದರೆ ವರ್ಷ ಮುಗಿಯುವ ಮುಂಚೆಯೇ ಶಾಲೆಗಳನ್ನು ಮುಚ್ಚಬೇಕಾದೀತು ಎಂದು ಬಹಿರಂಗವಾಗಿ ಹೇಳಿದರು. ಶಾಸನಸಭೆ ಅವರು ಕೇಳಿದ ಹಣ ಕೊಡಲಿಲ್ಲ. ಬದಲಿಗೆ ಆ್ಯಕ್ಟ್ 46 ಎಂಬ ಕಾನೂನು ಮಾಡಿ ಇಡೀ ಡಿಸ್ಟ್ರಿಕ್ಟನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತು. ನಾನು ಅಲ್ಲಿಗೆ ಹೋದ ವರ್ಷವೇ ಹಾರ್ನ್‌ಬೆಕ್ ರಾಜೀನಾಮೆ ಕೊಟ್ಟರು. ಮರುವರ್ಷದ ಹೊತ್ತಿಗೆ ಕೊರತೆ 20 ಕೋಟಿ ಡಾಲರ್ ದಾಟಿತ್ತು. ಓದಿನಲ್ಲಿ ಮಕ್ಕಳು ಹಿಂದುಳಿದಿದ್ದರು ಎಂಬುದೂ ನಿಜ. ನನ್ನ ಬೆಂಚಿನಲ್ಲೇ ಒಂದು ಪುಟ ತಡವರಿಸದೆ ಓದಲಾಗದವರು ಇದ್ದರು. ಅದನ್ನು ಮುಚ್ಚಿಟ್ಟು ಬರೆಯಲಾರೆ.

ರಾಜ್ಯ ಸರ್ಕಾರದ ಮುಖ್ಯಸ್ಥರಾಗಿದ್ದ ಗವರ್ನರ್ ಟಾಮ್ ರಿಡ್ಜ್ ಶಾಲೆಗಳ ಸ್ಥಿತಿ ಪರಿಶೀಲಿಸಲು ಎಡಿಸನ್ ಸ್ಕೂಲ್ಸ್ ಎಂಬ, ಲಾಭಕ್ಕಾಗಿ ಶಾಲೆ ನಡೆಸುವ ಕಂಪನಿಗೆ 27 ಲಕ್ಷ ಡಾಲರ್ ಕೊಟ್ಟು ವರದಿ ಬರೆಸಿದರು. ಅದೇ ಕಂಪನಿಗೆ ಶಾಲೆಗಳನ್ನು ನಡೆಸಲು ಕೊಡುವ ಮಾತೂ ಬಂತು. ಹೈಸ್ಕೂಲಿನ ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಮೇಯರ್ ಜಾನ್ ಸ್ಟ್ರೀಟ್ ಪ್ರತಿಭಟಿಸಿ ತಮ್ಮ ಕಚೇರಿಯನ್ನೇ ಡಿಸ್ಟ್ರಿಕ್ಟಿನ ಕಟ್ಟಡಕ್ಕೆ ಸಾಗಿಸಿದರು. ನಮ್ಮ ಟೀಚರ್ ಘೋಷಣೆ ಕೂಗಲಿಲ್ಲ, ನಮಗೂ ಕೂಗಲು ಹೇಳಲಿಲ್ಲ. ಒಂದು ದಿನ ರಾಜ್ಯದ ಸಂವಿಧಾನದ ಒಂದೇ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ ಎಂದರು. ಸಮಗ್ರವೂ ಸಮರ್ಥವೂ ಆದ ಸಾರ್ವಜನಿಕ ಶಿಕ್ಷಣ ವ್ಯವಸ್ಥೆಯನ್ನು ಪೋಷಿಸಿ ನಡೆಸುವುದು ಶಾಸನಸಭೆಯ ಹೊಣೆ ಎಂಬುದು ಅದರ ತಾತ್ಪರ್ಯ. 'ಸಮಗ್ರ' ಎಂಬ ಪದಕ್ಕೆ ನಮ್ಮ ಶಾಲೆಯಿಂದ ಒಂದು ಉದಾಹರಣೆ ಕೊಡಿ ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಅವರು ತುಂಬ ಹೊತ್ತು ಕಾದರು.

ಆ ಡಿಸೆಂಬರಿನ ಕ್ರಿಸ್‌ಮಸ್ ರಜೆ ಶುರುವಾಗುವ ಹೊತ್ತಿಗೆ ವಶಪಡಿಸಿಕೊಂಡದ್ದೂ ಆಯಿತು. ಹಳೆಯ ಮಂಡಳಿ ಹೋಗಿ ಐವರ ಶಾಲಾ ಸುಧಾರಣಾ ಆಯೋಗ ಬಂತು. ಮೂವರನ್ನು ಗವರ್ನರ್, ಇಬ್ಬರನ್ನು ಮೇಯರ್ ನೇಮಿಸಿದರು.

ಅದೇ ವರ್ಷ ಊರಿನಿಂದ ದೊಡ್ಡಪ್ಪನ ಫೋನ್ ಬಂದಿತ್ತು. ಕರ್ನಾಟಕ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಮಾಡಿದೆ, ಪೋಷಕರೇ ಸದಸ್ಯರನ್ನು ಆರಿಸುತ್ತಾರೆ, ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದಾರೆ ಎಂದು ಸಂಭ್ರಮದಿಂದ ಹೇಳಿದರು. ಅಪ್ಪ ಅಂದು ಫೋನ್ ಇಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅಲ್ಲಿ ಊರಿಗೆ ಕೊಡುತ್ತಿದ್ದಾರೆ, ಇಲ್ಲಿ ಊರಿನಿಂದ ತೆಗೆಯುತ್ತಿದ್ದಾರೆ ಎಂದರು. ನಾನು ಈ ವಿಷಯದಲ್ಲಿ ಏನೇ ಯೋಚಿಸಿದರೂ ಅಪ್ಪನ ಆ ಮಾತಿನಿಂದಲೇ ಶುರುವಾಗುತ್ತದೆ. ಎಸ್‌ಡಿಎಂಸಿಗೆ ದೊಡ್ಡ ಅಧಿಕಾರವೇನೂ ಇಲ್ಲ ಎಂದು ಈಗ ಗೊತ್ತು. ಆದರೂ ಶೌಚಾಲಯದ ಬಾಗಿಲು ಮುರಿದರೆ ಯಾರ ಮನೆಯ ಜಗುಲಿಗೆ ಹೋಗಿ ಕೇಳಬೇಕು ಎಂಬುದು ನಮ್ಮೂರಿನ ತಾಯಂದಿರಿಗೆ ತಿಳಿದಿತ್ತು. ಫಿಲಡೆಲ್ಫಿಯಾದಲ್ಲಿ ಅಮ್ಮ ಅದನ್ನು ಕೇಳಲು ಹೊರಟರೆ ಮೇಯರ್ ಕಡೆಯವರು ಗವರ್ನರನ್ನು ತೋರಿಸುತ್ತಿದ್ದರು, ಗವರ್ನರ್ ಕಡೆಯವರು ಆಯೋಗವನ್ನು ತೋರಿಸುತ್ತಿದ್ದರು.

2002ರಲ್ಲಿ 45 ಶಾಲೆಗಳನ್ನು ಹೊರಗಿನವರಿಗೆ ವಹಿಸಿದರು. ಎಡಿಸನ್‌ಗೆ ಸಿಕ್ಕಿದ್ದು 20. ಹಿಂದಿನ ವರ್ಷದ ಆರಂಭದಲ್ಲಿ 35 ಡಾಲರಿಗೂ ಮೇಲಿದ್ದ ಆ ಕಂಪನಿಯ ಷೇರು ಆ ವರ್ಷ ಒಂದು ಡಾಲರಿಗಿಂತ ಕೆಳಗಿಳಿಯಿತು. ಮಕ್ಕಳ ಶಾಲೆಯ ಗತಿಯನ್ನು ಷೇರುಪೇಟೆಗೆ ಕಟ್ಟಿಹಾಕಿದ್ದು ಇಂದಿಗೂ ನನಗೆ ಕ್ಷಮಿಸಲಾಗದ ತಪ್ಪಾಗಿ ಕಾಣುತ್ತದೆ. ಹೊರಗಿನವರು ನಡೆಸಿದ ಶಾಲೆಗಳ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿಲ್ಲ ಎಂದು ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತು. ನಮ್ಮ ಶಾಲೆ ಆ ಪಟ್ಟಿಯಲ್ಲಿ ಇರಲಿಲ್ಲ.

ಒಳ್ಳೆಯದೇನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಡಿಸ್ಟ್ರಿಕ್ಟಿನ ಮುಖ್ಯಸ್ಥರನ್ನಾಗಿ ಆಯೋಗ ಚಿಕಾಗೋದಿಂದ ಕರೆತಂದ ಪಾಲ್ ವ್ಯಾಲಸ್ ಇಡೀ ನಗರಕ್ಕೆ ಒಂದೇ ಪಠ್ಯಕ್ರಮ ತಂದರು. ಹೈಸ್ಕೂಲಿನಲ್ಲಿ ನನಗೆ ಹೊಸ ಪುಸ್ತಕ ಸಿಕ್ಕಿತು. ಮೊಹರಿನ ಕೋಷ್ಟಕ ಪೂರ್ತಿ ಖಾಲಿ. ಮೊದಲ ಗೆರೆಯಲ್ಲಿ ನನ್ನ ಹೆಸರು, ಮುಂದೆ 'ಹೊಸದು'. ಹಾಳೆಗಳಿಗೆ ಇನ್ನೂ ಅಂಟಿನ ವಾಸನೆ ಇತ್ತು. ನಾನು ಮೂಸಿ ನೋಡಿದ್ದನ್ನು ಕಂಡು ಪಕ್ಕದ ಹುಡುಗಿಯೂ ತನ್ನದನ್ನು ಮೂಸಿದಳು. 2005ರಲ್ಲಿ ಆಫ್ರಿಕನ್-ಅಮೆರಿಕನ್ ಇತಿಹಾಸವನ್ನು ಹೈಸ್ಕೂಲಿನ ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಿದ್ದು ಇದೇ ಆಯೋಗ. ತಮ್ಮ ಆ ತರಗತಿಯಲ್ಲಿ ಕುಳಿತ, ರಾತ್ರಿ ಊಟದ ಹೊತ್ತಿಗೆ ನಮಗೆಲ್ಲ ಅದನ್ನೇ ಹೇಳುತ್ತಿದ್ದ. ಆದರೆ 2006ರ ಕೊನೆಗೆ ನೋಡಿದರೆ ಮತ್ತೆ ಏಳು ಕೋಟಿ ಡಾಲರಿಗೂ ಮೀರಿದ ಕೊರತೆ. ಆಡಳಿತ ಕೈ ಬದಲಾಯಿಸಿತ್ತು, ಹಣದ ಮೂಲ ಬದಲಾಗಿರಲಿಲ್ಲ.

ಅತಿ ಕೆಟ್ಟ ವರ್ಷ 2013. ಆಗ ನಾನು ಕೆಲಸಕ್ಕೆ ಸೇರಿದ್ದೆ. 24 ಶಾಲೆಗಳನ್ನು ಮುಚ್ಚಿದರು. ಬೇಸಿಗೆಯಲ್ಲಿ 3,783 ಸಿಬ್ಬಂದಿಗೆ ಕೆಲಸ ಹೋಯಿತು. ಉಪಪ್ರಾಂಶುಪಾಲರು, ಆಪ್ತಸಲಹೆಗಾರರು, ಕಚೇರಿಯ ಗುಮಾಸ್ತರು ಎಲ್ಲರೂ ಅದರಲ್ಲಿದ್ದರು. ಪೂರ್ಣಾವಧಿ ನರ್ಸ್ ಇಲ್ಲದ ಶಾಲೆಗಳ ಸುದ್ದಿ ಓದಿದ ದಿನ ಅಮ್ಮ ಪಾಳಿ ಮುಗಿಸಿ ಬಂದವರು ಸಮವಸ್ತ್ರ ಬಿಚ್ಚದೆ ಮೆಟ್ಟಿಲ ಮೇಲೆ ಕುಳಿತು, "ಮಗುವಿಗೆ ಉಬ್ಬಸ ಬಂದರೆ ಅದು ಸೋಮವಾರವೋ ಗುರುವಾರವೋ ನೋಡಿಕೊಂಡು ಬರುತ್ತದೆಯೇ?" ಎಂದು ಕೇಳಿದರು. ಮುಚ್ಚುವ ನಿರ್ಣಯದ ಸಭೆ ನಡೆದ ಮಾರ್ಚ್ 7ರ ಸಂಜೆ ನಾನು ನಾರ್ತ್ ಬ್ರಾಡ್ ಬೀದಿಯಲ್ಲಿ ಜನರ ನಡುವೆ ನಿಂತಿದ್ದೆ. ಸಭೆಯ ಬಾಗಿಲು ಅಡ್ಡಗಟ್ಟಿದ 19 ಜನರನ್ನು ಪೊಲೀಸರು ಬಂಧಿಸಿದರು. ಅಂದಿನ ಪಟ್ಟಿಯಲ್ಲಿ ನನ್ನ ಶಾಲೆಯೂ ಇತ್ತು.

ಜರ್ಮನ್‌ಟೌನ್ ಹೈಸ್ಕೂಲ್ ಕೂಡ ಇತ್ತು. ಅದು 1914ರಲ್ಲಿ ಆರಂಭವಾದದ್ದು. ನೂರು ತುಂಬಲು ಒಂದು ವರ್ಷ ಬಾಕಿ ಇರುವಾಗ ಅದರ ಬಾಗಿಲು ಹಾಕಿದರು. ಶತಮಾನೋತ್ಸವಕ್ಕೆಂದು ಕಾದಿದ್ದ ಹಳೆಯ ವಿದ್ಯಾರ್ಥಿಗಳು ಬೀಳ್ಕೊಡುಗೆಗೆ ಸೇರಬೇಕಾಯಿತು. ದೊಡ್ಡಪ್ಪ ನೂರು ಎಂದಾಗ ನನಗೆ ಮೊದಲು ನೆನಪಾದದ್ದು ಆ ಶಾಲೆ.

ಆಯೋಗ 2017ರ ನವೆಂಬರಿನಲ್ಲಿ ತನ್ನನ್ನು ತಾನೇ ವಿಸರ್ಜಿಸಲು ಮತ ಹಾಕಿತು. 2018ರ ಜುಲೈ 1ರಂದು ಶಾಲೆಗಳು ಮತ್ತೆ ನಗರದ ಮಂಡಳಿಯ ಕೈಗೆ ಬಂದವು. 2023ರ ಫೆಬ್ರುವರಿ 7ರಂದು ರಾಜ್ಯದ ಕಾಮನ್‌ವೆಲ್ತ್ ನ್ಯಾಯಾಲಯ 786 ಪುಟಗಳ ತೀರ್ಪು ಕೊಟ್ಟಿತು. ಪೆನ್ಸಿಲ್ವೇನಿಯಾ ತನ್ನ ಶಾಲೆಗಳಿಗೆ ಹಣ ಹಂಚುವ ರೀತಿ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ಹೇಳಿತು. ನ್ಯಾಯಾಲಯ ಆಧಾರವಾಗಿ ಹಿಡಿದದ್ದು ಟೀಚರ್ ಕಪ್ಪುಹಲಗೆಯ ಮೇಲೆ ಬರೆದಿದ್ದ ಅದೇ ವಾಕ್ಯವನ್ನು. ಅಂದು ರಾತ್ರಿ ಅಟ್ಟದ ಪೆಟ್ಟಿಗೆಯಿಂದ ಎಂಟನೆಯ ತರಗತಿಯ ನೋಟ್‌ಬುಕ್ ಹುಡುಕಿ ತೆಗೆದೆ. ನೀಲಿ ಶಾಯಿ ಮಾಸಿದೆ, ಓದಲು ಬರುತ್ತದೆ. ಟೀಚರ್ ಆಗ ಬದುಕಿರಲಿಲ್ಲ. ಅವರಿಗೆ ಫೋನ್ ಮಾಡಿ ಆ ಪುಟವನ್ನು ಓದಿ ಹೇಳಬೇಕೆಂದು ನನ್ನ ಕೈ ತಾನಾಗಿಯೇ ಫೋನಿನ ಕಡೆ ಹೋಗಿತ್ತು.

ನಮ್ಮ ಊರಿನ ಶಾಲೆಯಲ್ಲಿ ನಾನಿದ್ದಾಗ ಇನ್ನೂರು ಮಕ್ಕಳಿದ್ದರು. ಈಗ ಅದರ ಅರ್ಧವೂ ಇಲ್ಲ. ಹಳೆಯ ವಿದ್ಯಾರ್ಥಿ ಸಂಘದವರು ವ್ಯಾನ್ ಇಟ್ಟು ಮಕ್ಕಳನ್ನು ಕರೆತರುತ್ತಿದ್ದಾರೆ, ಇಬ್ಬರು ಗೌರವ ಶಿಕ್ಷಕಿಯರಿಗೆ ಸಂಬಳ ಕೊಡುತ್ತಿದ್ದಾರೆ. ನಾನು ಕಳಿಸುವ ಪಾಲು ದೊಡ್ಡದಲ್ಲ. ದಯವಿಟ್ಟು ಆ ವ್ಯಾನ್ ಒಂದು ದಿನವೂ ನಿಲ್ಲದಂತೆ ನೋಡಿಕೊಳ್ಳಿ. ಹಾಗೆಯೇ ಶಿಕ್ಷಕರ ಹುದ್ದೆ ತುಂಬಿ ಎಂದು ಸರ್ಕಾರವನ್ನು ಕೇಳುವುದನ್ನೂ ಬಿಡಬೇಡಿ. ಸಂಘ ಕೊಡುತ್ತದಲ್ಲ ಎಂದು ಸರ್ಕಾರ ಸುಮ್ಮನಾಗುವಂತೆ ಆಗಬಾರದು.

ಶತಮಾನೋತ್ಸವಕ್ಕೆ ಹಳೆಯ ಮಾಡು ಇಳಿಸಿ ತಗಡಿನ ಶೀಟು ಹೊದಿಸುತ್ತಾರಂತೆ. ದೊಡ್ಡಪ್ಪಾ, ಐದನೆಯ ತರಗತಿಯ ಕೋಣೆಯಲ್ಲಿ ಕಿಟಕಿಯ ಕಡೆಯ ಮಾಡಿನಿಂದ ಅಕ್ಷರ ಒಡೆಯದ ಒಂದು ಹೆಂಚನ್ನು ನನಗಾಗಿ ತೆಗೆದಿಡಿ. ಡಿಸೆಂಬರಿನಲ್ಲಿ ಬಂದಾಗ ಒಯ್ಯುತ್ತೇನೆ.