ಹಿರಿಯರ ನಮಸ್ಕಾರ, ಕಿರಿಯರ ಹೆಬ್ಬೆರಳು

ಮುಂಬಯಿ, ಪುಣೆಗಳಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡವನ್ನೇ ಆಡುತ್ತ, ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದಿದವರಿಗೆ ಕನ್ನಡದ ಓದು ಬರಹ ಕಲಿಸುವ ಆನ್‌ಲೈನ್ ತರಗತಿಯೊಂದನ್ನು ನಾನು ಡೊಂಬಿವಲಿಯ ನಮ್ಮ ಮನೆಯಿಂದ ನಡೆಸುತ್ತೇನೆ. ಬ್ಯಾಂಕಿನಿಂದ ನಿವೃತ್ತರಾದ ಮುಲುಂಡಿನ ಹಿರಿಯರು, ಮೊಮ್ಮಕ್ಕಳಿಗೆ ಕತೆ ಓದಿ ಹೇಳಬೇಕೆಂದು ಬಯಸುವ ಅಂಧೇರಿಯ ಗೃಹಿಣಿಯರು, ಹಿಂಜವಡಿಯ ಐಟಿ ಕಂಪನಿಗಳಲ್ಲಿ ದುಡಿಯುವ ಇಪ್ಪತ್ತೈದರ ಆಸುಪಾಸಿನ ಯುವಕ ಯುವತಿಯರು, ಎಲ್ಲರೂ ಅದರಲ್ಲಿದ್ದಾರೆ. ಒತ್ತಕ್ಷರಗಳ ತೊಡಕು ಅಭ್ಯಾಸದಿಂದ ನೀಗುತ್ತದೆ. ಅದಕ್ಕಿಂತ ಹೆಚ್ಚು ಕಾಲ ನನ್ನನ್ನು ಕಾಡಿದ್ದು, ಇವರು ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳುವಾಗ ಒಬ್ಬರನ್ನೊಬ್ಬರು ತಪ್ಪಾಗಿ ಓದಿಕೊಳ್ಳುವ ರೀತಿ.

ನಿವೃತ್ತರಾದ ಹಿರಿಯರೊಬ್ಬರು ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ, ಹಿಂದಿನ ಪಾಠಕ್ಕೆ ಬರಲಾಗದ ಕಾರಣವನ್ನು ವಿವರಿಸಿ, ಮನೆಪಾಠ ಯಾವುದೆಂದು ಕೇಳಿ, ಕೊನೆಯಲ್ಲಿ ತಮ್ಮ ಹೆಸರನ್ನೂ ಬರೆದಿದ್ದರು. ಯುವತಿಯೊಬ್ಬಳು ಪುಸ್ತಕದ ಪುಟದ ಚಿತ್ರವನ್ನಷ್ಟೇ ಕಳಿಸಿದಳು, ಮತ್ತೊಬ್ಬನು ಒಪ್ಪಿಗೆ ಸೂಚಿಸುವ, ಮೇಲೆತ್ತಿದ ಹೆಬ್ಬೆರಳಿನ ಇಮೋಜಿ ಒತ್ತಿದನು. ಹಿರಿಯರು ‘ಸರಿ.’ ಎಂದು ಬರೆದು ಸುಮ್ಮನಾದರು. ಆ ರಾತ್ರಿ ಅವರು ನನಗೆ ಫೋನ್ ಮಾಡಿ, "ನಾನು ಕೇಳಿದ್ದು ತಪ್ಪಾಯಿತೇ ಟೀಚರ್?" ಎಂದರು. ಮರುದಿನ ಅದೇ ಯುವತಿ, "ಅಂಕಲ್‌ಗೆ ನನ್ನ ಮೇಲೆ ಸಿಟ್ಟು ಬಂದಿದೆಯಾ ಮ್ಯಾಮ್?" ಎಂದು ಕೇಳಿದಳು. ಅವಳು ಆ ಪುಟವನ್ನು ಕಳಿಸಿದ್ದು ಆಫೀಸಿನ ಮೀಟಿಂಗಿನ ನಡುವೆ, ಹಿರಿಯರು ಕಾಯಬಾರದೆಂಬ ಕಾಳಜಿಯಿಂದ. ಅವರು ‘ಸರಿ’ ಎಂದದ್ದಕ್ಕೆ ಪೂರ್ಣವಿರಾಮ ಇಟ್ಟದ್ದು, ವಾಕ್ಯ ಮುಗಿದರೆ ಪೂರ್ಣವಿರಾಮ ಇಡಬೇಕು ಎಂಬ ಶಿಸ್ತಿನಿಂದ.

ಪೂರ್ಣವಿರಾಮದ ಕುರಿತ ಅವಳ ಅಳುಕು ಅವಳೊಬ್ಬಳದಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 126 ವಿದ್ಯಾರ್ಥಿಗಳಿಗೆ ಮೊಬೈಲ್ ಸಂದೇಶಗಳನ್ನೂ ಕೈಬರಹದ ಚೀಟಿಗಳನ್ನೂ ತೋರಿಸಿ ಅಭಿಪ್ರಾಯ ಕೇಳಲಾಗಿತ್ತು. ಚುಟುಕು ಉತ್ತರದ ಕೊನೆಗೆ ಪೂರ್ಣವಿರಾಮವಿದ್ದ ಮೊಬೈಲ್ ಸಂದೇಶಗಳು ಅವರಿಗೆ ಅಷ್ಟು ಮನಃಪೂರ್ವಕವಾಗಿ ಕಾಣಲಿಲ್ಲ; ಕೈಬರಹದ ಚೀಟಿಯಲ್ಲಿ ಮಾತ್ರ ಅದೇ ಚುಕ್ಕೆಯಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ನಮ್ಮ ಹಿರಿಯರು ಮೊಬೈಲಿನಲ್ಲಿ ಬರೆಯುವಾಗಲೂ ಕಾಗದದ ಮೇಲೆ ಬರೆಯುತ್ತಿರುವಂತೆಯೇ ಬರೆಯುತ್ತಾರೆ ಎಂಬುದು ಈ ಅಧ್ಯಯನ ಓದಿದ ಮೇಲೆ ನನಗೆ ಹೊಳೆಯಿತು.

ಆ ಕಾಗದದ ಹಿಂದೆ ಒಂದು ಇಡೀ ಬದುಕಿದೆ. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ ದುಡಿದವರ ಮನೆಗಳಲ್ಲಿ ಇನ್‌ಲ್ಯಾಂಡ್ ಪತ್ರವೆಂದರೆ ಕ್ಷೇಮ ಸಮಾಚಾರದಿಂದ ತೊಡಗಿ, ಮನೆಯ ಹಿರಿಯರಿಗೆಲ್ಲ ನಮಸ್ಕಾರ ಹೇಳಿಯೇ ಮುಗಿಯಬೇಕಾದ ಬರಹ. ಮನಿಯಾರ್ಡರ್ ಫಾರಂನ ತುದಿಯಲ್ಲಿ ಸಂದೇಶಕ್ಕೆಂದು ಬಿಟ್ಟಿದ್ದ ಕಿರಿದಾದ ಜಾಗದಲ್ಲಿಯೂ ‘ಕ್ಷೇಮ’ ಎಂಬುದಕ್ಕೆ ಸ್ಥಳ ಮಾಡಿಕೊಳ್ಳುತ್ತಿದ್ದರು. ಚುಟುಕಾಗಿ ಬರುತ್ತಿದ್ದದ್ದು ತಂತಿ. ಪದಕ್ಕಿಷ್ಟು ಎಂದು ಹಣ ತೆರಬೇಕಾಗಿದ್ದ ಆ ತಂತಿ ಬಂತೆಂದರೆ, ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. 2013ರ ಜುಲೈಯಲ್ಲಿ ಸರಕಾರ ತಂತಿ ಸೇವೆಯನ್ನು ನಿಲ್ಲಿಸಿತಾದರೂ, ಮೊಟಕು ಸಂದೇಶ ಕಂಡರೆ ಏನೋ ಕೆಟ್ಟದ್ದಾಗಿದೆ ಎಂದು ಹೆದರುವ ಮನಸ್ಸು ಅದರೊಂದಿಗೆ ಮುಗಿಯುವುದು ಹೇಗೆ ಸಾಧ್ಯ?

ಕಿರಿಯರಿಗೆ ಸಂದೇಶವೆಂಬುದು ಮುಗಿಯದ ಮಾತುಕತೆ. ಬೆಳಗಿನಿಂದ ರಾತ್ರಿಯವರೆಗೆ ತೆರೆದೇ ಇರುವ ಮಾತಿನಲ್ಲಿ ಪ್ರತಿ ಸಲವೂ ನಮಸ್ಕಾರ ಹೇಳುವುದು ಅವರಿಗೆ ಪರಕೀಯತೆಯಾಗಿ ಕಾಣುತ್ತದೆ. ಹಾಗಾಗಿ ಎರಡೂ ಕಡೆ ಮರ್ಯಾದೆಗೆ ಕೊರತೆಯಿಲ್ಲ, ಅದನ್ನು ತೋರಿಸುವ ಕ್ರಮ ಮಾತ್ರ ಬೇರೆ ಬೇರೆ. ಕಷ್ಟವೇನೆಂದರೆ, ಈ ಕ್ರಮಗಳನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಒಂದೇ ಕೋಣೆಯಲ್ಲಿ ಕೂತಿದ್ದರೆ ಮುಖ ನೋಡಿ ತಿಳಿಯುತ್ತಿದ್ದದ್ದನ್ನು ಇಲ್ಲಿ ಒಂದು ಚುಕ್ಕೆಯಿಂದ ಊಹಿಸಬೇಕಾಗುತ್ತದೆ.

ಇದಕ್ಕೆ ವಯಸ್ಸೇ ಕಾರಣ ಎನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. 2001ರಲ್ಲಿ ಮಾರ್ಕ್ ಪ್ರೆನ್‌ಸ್ಕಿ ಎಂಬ ಅಮೆರಿಕದ ಲೇಖಕರು ಹೊಸ ಪೀಳಿಗೆಯನ್ನು ಡಿಜಿಟಲ್ ಲೋಕದ ಮೂಲನಿವಾಸಿಗಳೆಂದೂ ಹಿರಿಯರನ್ನು ಅಲ್ಲಿಗೆ ವಲಸೆ ಬಂದವರೆಂದೂ ಕರೆದರು. ಆ ವಿಂಗಡಣೆ ಬಹಳ ಬೇಗ ಎಲ್ಲ ಕಡೆ ಹಬ್ಬಿತು. ಆದರೆ 2008ರಲ್ಲಿ ಸ್ಯೂ ಬೆನೆಟ್ ಮತ್ತು ಇಬ್ಬರು ಸಹಲೇಖಕರು, ಆವರೆಗೆ ಲಭ್ಯವಿದ್ದ ಸಂಶೋಧನೆಗಳನ್ನು ಪರಿಶೀಲಿಸಿ, ಇಡೀ ಒಂದು ಪೀಳಿಗೆ ಒಂದೇ ರೀತಿ ಇರುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ತೋರಿಸಿದರು. ನನ್ನ ತರಗತಿಯಲ್ಲಿ ಕಾಣುವುದೂ ಇದನ್ನೇ. ಶೇರು ವ್ಯವಹಾರವನ್ನೆಲ್ಲ ಮೊಬೈಲಿನಲ್ಲೇ ನಡೆಸುವ ಹಿರಿಯರಿದ್ದಾರೆ. ಚಾಟಿನಲ್ಲಿ ಒಂದು ಪ್ರಶ್ನೆ ಬರೆಯಲು ಹಿಂಜರಿಯುವ ಕಾಲೇಜು ಹುಡುಗರೂ ಇದ್ದಾರೆ. ಯಾರು ಎಲ್ಲಿ, ಯಾವ ಕೆಲಸದಲ್ಲಿ, ಯಾರ ಕೈಕೆಳಗೆ ಬರೆಯಲು ಕಲಿತರು ಎಂಬುದು ಹುಟ್ಟಿದ ವರ್ಷಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ ಎಂಬುದು ನನ್ನ ನಂಬಿಕೆ.

ಧ್ವನಿ ಸಂದೇಶಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಕನ್ನಡ ಕೀಲಿಮಣೆ ಒಗ್ಗದ ಹಿರಿಯ ಮಹಿಳೆಯರು ತಮ್ಮ ಸಂದೇಹಗಳನ್ನು ಉದ್ದುದ್ದ ಧ್ವನಿ ಸಂದೇಶಗಳಲ್ಲಿ ಹೇಳುತ್ತಾರೆ. ಕಿಕ್ಕಿರಿದ ಲೋಕಲ್ ರೈಲಿನಲ್ಲಿ ನಿಂತಿರುವ ಹುಡುಗನಿಗೆ ಅದನ್ನು ಕೇಳಲಾಗುವುದಿಲ್ಲ. ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಆ ಮಹಿಳೆಯರಿಗೆ ಓದಲು ಬಾರದು. ಕನ್ನಡ ಕಲಿಯಲು ಸೇರಿದವರ ನಡುವೆ ಕನ್ನಡವೇ ಹೀಗೆ ಎರಡು ದಾರಿ ಹಿಡಿಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈಗ ಎಲ್ಲರೂ ನೋಟುಪುಸ್ತಕದಲ್ಲಿ ಕೈಯಿಂದ ಎರಡು ಸಾಲು ಕನ್ನಡ ಬರೆದು ಅದರ ಚಿತ್ರ ಕಳಿಸಲಿ ಎಂದಿದ್ದೇನೆ. ಅಕ್ಷರ ತಿದ್ದುವ ಅಭ್ಯಾಸವೂ ಆಗುತ್ತದೆ, ಯಾರೂ ಹೊರಗುಳಿಯುವುದಿಲ್ಲ.

ಜೂಮ್ ಪಾಠದಲ್ಲಿಯೂ ಇಂಥದೇ ಒಂದು ಬಿರುಕಿದೆ. ಹಿರಿಯರು ಸಮಯಕ್ಕೆ ಮೊದಲೇ ಬಂದು, ಕ್ಯಾಮರಾ ತೆರೆದು, ಬಾಯಿಂದಲೇ ಉತ್ತರ ಹೇಳುತ್ತಾರೆ. ಕಿರಿಯರಲ್ಲಿ ಅನೇಕರು ಕ್ಯಾಮರಾ ಮುಚ್ಚಿ ಚಾಟಿನಲ್ಲಿ ಬರೆಯುತ್ತಾರೆ. ಮುಖ ತೋರಿಸದವನು ಪಾಠ ಕೇಳುತ್ತಿಲ್ಲ ಎಂದು ಕೆಲವು ಹಿರಿಯರ ದೂರು. ಆದರೆ ಒಂದೇ ಕೋಣೆಯಲ್ಲಿ ನಾಲ್ವರ ಜೊತೆ ವಾಸಿಸುವವನಿಗೆ ಕ್ಯಾಮರಾ ತೆರೆಯೆಂದು ಒತ್ತಾಯಿಸುವುದು ನ್ಯಾಯವಲ್ಲ. ಚಾಟಿನಲ್ಲಿ ಬಂದ ಪ್ರತಿ ಉತ್ತರವನ್ನೂ ಬರೆದವರ ಹೆಸರು ಹೇಳಿ ನಾನು ಗಟ್ಟಿಯಾಗಿ ಓದತೊಡಗಿದ ಮೇಲೆ, ಹಿರಿಯರು ಆ ಹೆಸರು ಹಿಡಿದು ಮಾತನಾಡಿಸತೊಡಗಿದ್ದಾರೆ. ಗ್ಯಾರಿಸನ್, ಆ್ಯಂಡರ್ಸನ್, ಆರ್ಚರ್ ಎಂಬ ಕೆನಡಾದ ವಿದ್ವಾಂಸರು 2000ದಲ್ಲಿ ಮಂಡಿಸಿದ ಚೌಕಟ್ಟಿನಲ್ಲಿ, ದೂರದಿಂದ ಕಲಿಯುವವರಿಗೆ ವಿಷಯ ಮತ್ತು ಬೋಧನೆಯಷ್ಟೇ ಪರಸ್ಪರರ ಇರುವಿಕೆಯ ಅನುಭವವೂ ಮುಖ್ಯ ಎಂದಿದೆ. ಆ ಅನುಭವವನ್ನು ಮುಖವೊಂದೇ ಕೊಡಬೇಕಾಗಿಲ್ಲ.

ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕಲಿಯುವುದು ಮುಂಬಯಿ ಕನ್ನಡಿಗರಿಗೆ ಹೊಸತೇನಲ್ಲ. ಇಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ದುಡಿದ ಹುಡುಗರೂ ಮೀಸೆ ಬಂದ ಯುವಕರೂ ಅಕ್ಕಪಕ್ಕದಲ್ಲೇ ಕೂರುತ್ತಿದ್ದರು. ಅವರಿಗೆ ಪಾಠ ಮುಗಿದ ಮೇಲೆ ಒಟ್ಟಿಗೆ ನಡೆದು ಹೋಗುವ ರಸ್ತೆಯಿತ್ತು; ನಮ್ಮವರಿಗೆ ಅದಿಲ್ಲ. ಅದಕ್ಕೇ ಪಾಠ ಮುಗಿದ ಮೇಲೂ ಹದಿನೈದು ನಿಮಿಷ ಜೂಮ್ ಮುಚ್ಚದೆ ಬಿಡುತ್ತೇನೆ, ನಾನು ಮಾತನಾಡುವುದಿಲ್ಲ.

ಮುಂದಿನ ತಂಡದ ಮೊದಲ ಪಾಠದಲ್ಲಿ ವರ್ಣಮಾಲೆಗೆ ಮೊದಲು ಮೂರು ವಿಷಯಗಳನ್ನು ಪ್ರತಿಯೊಬ್ಬರಿಂದಲೂ ಹೇಳಿಸಬೇಕೆಂದಿದ್ದೇನೆ: ಸಂದೇಶಗಳನ್ನು ಯಾವ ಹೊತ್ತಿಗೆ ನೋಡುತ್ತೀರಿ, ಫೋನ್ ಮಾಡಿದರೆ ಆಗುತ್ತದೆಯೇ, ನಿಮ್ಮನ್ನು ಏನೆಂದು ಕರೆಯಬೇಕು. ಮೂರನೆಯದನ್ನು ಸೇರಿಸಲು ಹೇಳಿದವರು ಅಂಧೇರಿಯ ಗೃಹಿಣಿಯೊಬ್ಬರು. ಹುಡುಗರು ‘ಆಂಟಿ’ ಎನ್ನುವ ಬದಲು ‘ಅಕ್ಕ’ ಎನ್ನಲಿ ಎಂಬುದು ಅವರ ಬಯಕೆ.