ಶುಗರ್ ಗುರಿ: ಸೊಸೆಗೊಂದು, ಅತ್ತೆಗೊಂದು

ಮನೆಯಲ್ಲಿ ಇಬ್ಬರಿಗೆ ಶುಗರ್ ಇದ್ದರೆ ಇಬ್ಬರಿಗೂ ಒಂದೇ ಗುರಿ ಇಡಬಾರದು. ಗರ್ಭಿಣಿ ಸೊಸೆಗೆ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಎರಡು ಗಂಟೆಗೆ 120ರ ಒಳಗೆ ಇರಬೇಕು. ಎಂಬತ್ತರ ಅತ್ತೆಗೆ ಅಷ್ಟು ಬಿಗಿ ಬೇಡ. ನಿಶ್ಶಕ್ತ ವೃದ್ಧರಿಗೆ, ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಶೇ. 8ರ ಒಳಗಿದ್ದರೆ ಸಾಮಾನ್ಯವಾಗಿ ಸಾಕು.

ಅವರ ವಿಷಯದಲ್ಲಿ ನಿಜವಾದ ಭಯ ಲೋ ಶುಗರ್‌ನದು. ಕಿಡ್ನಿ ನಿಧಾನವಾದಾಗ ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಇಳಿಸುವ ಮಾತ್ರೆಯ ಪ್ರಭಾವ ಬೇಗ ಇಳಿಯುವುದಿಲ್ಲ. ಮಾತ್ರೆ ನುಂಗಿ, ಏಕಾದಶಿಯೆಂದು ಊಟ ಬಿಟ್ಟರೆ ಕೆಲಸ ಕೆಟ್ಟಿತು. ಬೆವರು, ನಡುಕ ಇಲ್ಲದೆಯೂ ಮಾತು ತೊದಲಬಹುದು; ಮನೆಯವರು 'ವಯಸ್ಸಾಯ್ತಲ್ಲ' ಅಂದು ಸುಮ್ಮನಾಗುತ್ತಾರೆ! ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.