ಪಕ್ಕದ ಗಾಡಿಯ ದಿನಾಂಕ

ನಾನು ಮೈಸೂರಿನ ಹೆಬ್ಬಾಳದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಚೀಟಿ ಬರೋದು ನಮ್ಮ ಜಾವಾ ಪ್ರೋಗ್ರಾಂನಿಂದ. ಒಂದು ದಿನ ವೇಬ್ರಿಡ್ಜ್ ಆಪರೇಟರ್ ಚೀಟಿಯೊಂದರ ಫೋಟೊ ಕಳಿಸಿದರು. ತೂಕ ಸರಿ, ಟ್ರ್ಯಾಕ್ಟರ್ ನಂಬರ್ ಸರಿ. ದಿನಾಂಕ ಮಾತ್ರ ಹನ್ನೊಂದು ದಿನ ಹಿಂದಿನದು.

ಇದು ಸಣ್ಣ ತಪ್ಪಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ರೈತರಿಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ರೈತರ ಕೈಲಿ ಇರೋ ದಾಖಲೆ ಈ ಚೀಟಿ ತಾನೆ?

ಎಲ್ಲಿ ತಪ್ಪುತ್ತಿದೆ ಅಂತ ನೋಡೋಕೆ ಕೋಡ್ ಒಳಗೆ ನಾಲ್ಕು ಕಡೆ ಪ್ರಿಂಟ್‌ಎಲ್‌ಎನ್ ಹಾಕಿದೆ, ಅಂದರೆ ಅಲ್ಲಿ ಏನಾಗುತ್ತಿದೆ ಅಂತ ಪರದೆಗೆ ಬರೆಯುವ ಸಾಲು. ಎರಡು ದಿನ ಒಂದೂ ತಪ್ಪು ಬರಲಿಲ್ಲ. ತೆಗೆದೆ, ಮತ್ತೆ ಬಂತು. ಆಗಲೇ ಅನುಮಾನ ಬಂದದ್ದು. ಪ್ರಿಂಟ್‌ಎಲ್‌ಎನ್ ತನ್ನೊಳಗೇ ಒಂದು ಲಾಕ್ ಹಿಡಿಯುತ್ತದೆ. ಥ್ರೆಡ್‌ಗಳು, ಅಂದರೆ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸಗಳು, ಅಲ್ಲಿ ಸಾಲಾಗಿ ನಿಂತು ಒಂದೊಂದಾಗಿ ಹೋಗುತ್ತವೆ, ಡಿಕ್ಕಿ ತಪ್ಪುತ್ತದೆ.

ಹುಡುಕಿದಾಗ ಸಿಕ್ಕಿದ್ದು ಎಲ್ಲರೂ ಹಂಚಿಕೊಂಡಿದ್ದ ಒಂದೇ ಒಂದು ಸ್ಟ್ಯಾಟಿಕ್ ಸಿಂಪಲ್‌ಡೇಟ್‌ಫಾರ್ಮ್ಯಾಟ್, ದಿನಾಂಕ ಓದಿ ಬರೆಯುವ ಜಾವಾದ ಹಳೇ ಸಲಕರಣೆ. ಅದರ ಹೊಟ್ಟೆಯಲ್ಲಿ ಒಂದು ಕ್ಯಾಲೆಂಡರ್ ಇರುತ್ತದೆ. ಒಂದೇ ಸ್ಲೇಟಿನ ಮೇಲೆ ಇಬ್ಬರು ಬರೆದ ಹಾಗೆ. ಒಂದು ಥ್ರೆಡ್ ಇವತ್ತಿನ ದಿನಾಂಕ ಬರೆದು ಓದುವಷ್ಟರಲ್ಲಿ, ಇನ್ನೊಂದು ಥ್ರೆಡ್ ಪಕ್ಕದ ಗಾಡಿಯ ಕಟಾವು ಪರ್ಮಿಟ್ ದಿನಾಂಕವನ್ನು ಅದರ ಮೇಲೆ ಬರೆದುಬಿಡುತ್ತದೆ. ಇದನ್ನು ಬರೆದವರದು ತಪ್ಪು ಅಂತ ನಾನು ಹೇಳಲ್ಲ. ಆಗ ಇದ್ದದ್ದು ಒಂದೇ ವೇಬ್ರಿಡ್ಜ್. ಎರಡನೆಯದು ಸೇರಿಸಿದಾಗ ಈ ಸಾಲನ್ನು ಯಾರೂ ತೆಗೆದು ನೋಡಲಿಲ್ಲ.

ಮೊದಲು ಬಗ್ಗನ್ನು ನಮ್ಮ ಟೇಬಲ್ ಮೇಲೇ ಬರಿಸಬೇಕಿತ್ತು. ಎಂಟು ಥ್ರೆಡ್‌ಗಳನ್ನು ಕೌಂಟ್‌ಡೌನ್‌ಲ್ಯಾಚ್ ಅನ್ನೋ ಗೇಟಿನ ಹಿಂದೆ ನಿಲ್ಲಿಸಿ ಒಟ್ಟಿಗೆ ಬಿಟ್ಟೆ. ಕ್ಷಣದಲ್ಲೇ ಟೆಸ್ಟ್ ಫೇಲ್ ಆಯಿತು. ಹೊಸದಾಗಿ ಸೇರಿದ ಹುಡುಗ ಚೀಟಿ ಪ್ರಿಂಟ್ ಮಾಡುವ ಮೆಥಡ್‌ಗೆ (ಕೋಡ್‌ನ ಒಂದು ತುಂಡು) ಸಿಂಕ್ರೊನೈಜ್ಡ್ ಅನ್ನೋ ಲಾಕ್ ಹಾಕಿದ. ಆದರೂ ಫೇಲ್ ಆಯಿತು. ಪರ್ಮಿಟ್ ಓದುವ ಮೆಥಡ್ ಅದೇ ಆಬ್ಜೆಕ್ಟನ್ನು ಲಾಕ್ ಇಲ್ಲದೆ ಮುಟ್ಟುತ್ತಿತ್ತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟರೆ ಏನು ಬಂತು?

ಕೊನೆಗೆ ಡೇಟ್‌ಟೈಮ್‌ಫಾರ್ಮ್ಯಾಟರ್‌ಗೆ ಬದಲಾಯಿಸಿದೆವು. ಅದೂ ದಿನಾಂಕದ ಸಲಕರಣೆಯೇ, 2014ರಲ್ಲಿ ಜಾವಾ 8 ಜೊತೆ ಬಂದದ್ದು. ಒಮ್ಮೆ ಮಾಡಿದ ಮೇಲೆ ಬದಲಾಗುವುದಿಲ್ಲ, ಎಷ್ಟು ಥ್ರೆಡ್ ಬೇಕಾದರೂ ಹಂಚಿಕೊಳ್ಳಬಹುದು. ಆದರೆ ಸುಮ್ನೆ ಬದಲಾಯಿಸಲಿಲ್ಲ. ಹಳೇ ಚೀಟಿಗಳ ದಿನಾಂಕಗಳನ್ನು ಎರಡೂ ಕೋಡ್‌ಗೆ ಕೊಟ್ಟು ಹೋಲಿಸಿದೆವು. ಕರೆಂಟ್ ಹೋದಾಗ ಕೈಯಲ್ಲಿ ಬರೆದು, ಆಮೇಲೆ ಟೈಪ್ ಮಾಡಿದ ಒಂದು ದಿನಾಂಕ ಸಿಕ್ಕಿತು: 31-02-2023. ಹಳೇ ಕೋಡ್ ಅದನ್ನು ಮಾರ್ಚ್ 3 ಮಾಡುತ್ತಿತ್ತು. ಹೊಸದು ಸದ್ದಿಲ್ಲದೆ ಫೆಬ್ರವರಿ 28 ಮಾಡಿತು! ಎರಡೂ ತಪ್ಪು. ಇಲ್ಲದ ದಿನಾಂಕ ಒಪ್ಪದ ಹಾಗೆ ಸ್ಟ್ರಿಕ್ಟ್ ಮಾಡಿದರೆ ಸರಿಯಾದ ದಿನಾಂಕಗಳನ್ನೂ ಒಪ್ಪಲಿಲ್ಲ. ದಿನಾಂಕ ಹೇಗಿರಬೇಕು ಅಂತ ಹೇಳುವ ಪ್ಯಾಟರ್ನ್‌ನಲ್ಲಿ ವರ್ಷಕ್ಕೆ ನಾಲ್ಕು 'ವೈ' ಬದಲು ನಾಲ್ಕು 'ಯು' ಹಾಕಬೇಕು ಅಂತ ತಿಳಿಯೋಕೆ ಅರ್ಧ ದಿನ ಹಿಡಿಯಿತು.

ಟೋಕನ್ ನಂಬರ್ ಕೂಡ ಬರೀ ಪ್ಲಸ್‌ಪ್ಲಸ್‌ನಲ್ಲಿ (ಒಂದು ಕೂಡಿಸುವ ಗುರುತು) ಏರುತ್ತಿತ್ತು, ಅಲ್ಲೂ ಎರಡು ಥ್ರೆಡ್ ಡಿಕ್ಕಿ ಹೊಡೆಯಬಹುದು. ಅದನ್ನೂ ಅವತ್ತೇ ಅಟಾಮಿಕ್‌ಇಂಟಿಜರ್ ಮಾಡಿದೆವು, ಅದು ಡಿಕ್ಕಿ ಇಲ್ಲದೆ ಎಣಿಸುತ್ತದೆ.

ಮುಂದಿನ ವಾರ ಆಪರೇಟರ್ ಫೋನ್ ಮಾಡಿದರು. "ಮೇಡಂ, ಒಂದು ಡೇಟ್ ಹೊಡೆದರೆ ತಗೊಳ್ತಾನೇ ಇಲ್ಲ." ಯಾವ ಡೇಟ್ ಅಣ್ಣ ಅಂತ ಕೇಳಿದೆ. ಚೀಟಿ ತಿರುಗಿಸಿದ ಸದ್ದು ಕೇಳಿಸಿತು. "ಓ, ಇರಿ, ರೈತರನ್ನೇ ಕೇಳಿ ಹಾಕ್ತೀನಿ," ಅಂದರು.